ಸಕ್ಕರೆ ಹಾಲನ್ನದಿಂದ ಬೇಳೆ ಕಟ್ಟಿನವರೆಗೆ: ಒಂದು ಪ್ರಕರಣ ಅಧ್ಯಯನ

ವೈದ್ಯರ ಚೀಟಿಯಲ್ಲಿ ಇದ್ದದ್ದು ಇಷ್ಟೇ: “ರಕ್ತಹೀನತೆ. ಸಿಹಿ ಕಡಿಮೆ ಮಾಡಿಸಿ. ಸೊಪ್ಪು, ಕಾಳು, ಹಣ್ಣು ಹೆಚ್ಚಿಸಿ.” ಆ ಚೀಟಿ ಹಿಡಿದು ಬಂದವಳು 23 ವರ್ಷದ ಯುವತಿ. ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಸಿಹಿ ಕಡಿಮೆ ಮಾಡಿಸಿದರೆ ಆಕೆಯ ತಟ್ಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಆ ಸಲಹೆಯನ್ನು ಪಾಲಿಸದೆ, ಆದರೆ ಮರೆಯದೆ, ಒಂಬತ್ತು ತಿಂಗಳು ನಡೆದ ಕೆಲಸದ ವಿವರ ಇಲ್ಲಿದೆ. ನಾನು ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್. ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಬಂದಾಗ ಇದ್ದ ಸ್ಥಿತಿ

ಜೊತೆಗೆ ತಾಯಿ ಬಂದಿದ್ದರು. ಕೂತ ಕೂಡಲೇ ಹೇಳಿದರು: “ಮೇಡಂ, ಇವಳಿಗೆ ನೀವಾದ್ರೂ ಬುದ್ಧಿ ಹೇಳಿ. ಇಷ್ಟು ದೊಡ್ಡವಳಾಗಿದಾಳೆ, ಚಿಕ್ಕ ಮಗು ಹಾಗೆ ಬನ್ನು, ಬಿಸ್ಕತ್ತು ಅಂತಾಳೆ. ಮನೇಲಿ ಮಾಡಿದ್ದು ಒಂದೂ ಮುಟ್ಟಲ್ಲ.” ಮಗಳು ತಲೆ ಎತ್ತಲಿಲ್ಲ. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಹಿಂದಿನ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಬಾಯಿಗೆ ಹೋದದ್ದನ್ನೆಲ್ಲ ಹೇಳಿಸಿದೆ.

ಬೆಳಗ್ಗೆ ಮೂರು ಚಮಚ ಸಕ್ಕರೆಯ ಟೀ, ಆರೇಳು ಸಿಹಿ ಬಿಸ್ಕತ್ತು. ಆಫೀಸಿನಲ್ಲಿ ಮತ್ತೆ ಟೀ. ಮಧ್ಯಾಹ್ನ ಬೇಕರಿಯ ಸಿಹಿ ಬನ್ನು, ಇಲ್ಲದಿದ್ದರೆ ಮಾವಿನ ಜ್ಯೂಸಿನ ಪ್ಯಾಕೆಟ್ ಮಾತ್ರ. ಸಂಜೆ ಟೀ, ರಸ್ಕು. ರಾತ್ರಿ ಮೆತ್ತಗೆ ಬೆಂದ ಅನ್ನಕ್ಕೆ ಹಾಲು, ಸಕ್ಕರೆ. ವಾರಕ್ಕೆರಡು ಸಲ ತುಪ್ಪ, ಸಕ್ಕರೆ ಸವರಿದ ಚಪಾತಿ. ಎಲ್ಲ ಸೇರಿ ಎಂಟು ತಿನಿಸು. ತರಕಾರಿ, ಬೇಳೆ, ಕಾಳು, ಹಣ್ಣು ಯಾವುದೂ ಇಲ್ಲ. ಲೆಕ್ಕ ಹಾಕಿದರೆ ದಿನಕ್ಕೆ ಬೆರೆಸಿದ ಸಕ್ಕರೆಯೇ 120 ಗ್ರಾಂ ದಾಟುತ್ತಿತ್ತು. ಇಂಥ ಸಕ್ಕರೆ ಒಟ್ಟು ಕ್ಯಾಲೊರಿಯ ಶೇ 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ. ಈಕೆ ಅಷ್ಟು ಕ್ಯಾಲೊರಿಯನ್ನೂ ತಿನ್ನುತ್ತಿರಲಿಲ್ಲ.

ಎತ್ತರ 156 ಸೆಂ.ಮೀ., ತೂಕ 43 ಕೆ.ಜಿ. ಹಿಮೋಗ್ಲೋಬಿನ್ ಒಂಬತ್ತರ ಆಸುಪಾಸು. ಮುಟ್ಟು ಏರುಪೇರು. ಹಿಂದಿನ ಎರಡು ದವಡೆ ಹಲ್ಲು ಹುಳುಕು. ಊಟವಾದ ಮೇಲೆ ಹೊಟ್ಟೆ ಉಬ್ಬರ, ಎದೆಯ ಕೆಳಗೆ ಬಿಗಿತ, ತೇಗು. ಮೂರು ನಾಲ್ಕು ದಿನ ಮಲವಿಸರ್ಜನೆ ಆಗದೆ, ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ನೀರಾಗಿ ಹೋಗುವುದು. ಇವೆಲ್ಲಕ್ಕಿಂತ ಆಕೆ ಹೆದರುತ್ತಿದ್ದದ್ದು ಒಂದಕ್ಕೆ: “ನಾಲ್ಕು ಜನರ ಮುಂದೆ ವಾಂತಿ ಆಗಿಬಿಟ್ರೆ?”

ಒಂದೊಂದು ಹೊಟ್ಟೆನೋವಿಗೆ ಒಂದೊಂದು ತಿನಿಸು

ಚಿಕ್ಕಂದಿನಿಂದಲೂ ಆಕೆಗೆ ಬಾಯಿಗೆ ಸಿಗುವ ಚೂರುಗಳು ಆಗುತ್ತಿರಲಿಲ್ಲ. ಮೊಸರನ್ನದ ಸಾಸಿವೆ, ಉಪ್ಪಿಟ್ಟಿನ ಈರುಳ್ಳಿ, ಪಾಯಸದ ದ್ರಾಕ್ಷಿ ಎಲ್ಲವನ್ನೂ ಹೆಕ್ಕಿ ತಟ್ಟೆಯಂಚಿಗೆ ಸಾಲಾಗಿ ಇಡುತ್ತಿದ್ದಳಂತೆ. ಹಾಗಿದ್ದರೂ ಅನ್ನ ಸಾರು, ಇಡ್ಲಿ, ಬಾಳೆಹಣ್ಣು ನಡೆಯುತ್ತಿದ್ದವು. ಹದಿನಾಲ್ಕರ ವಯಸ್ಸಿನಲ್ಲಿ ಮದುವೆ ಊಟ ಮುಗಿಸಿ ಘಾಟಿಯ ಬಸ್ಸಿನಲ್ಲಿ ಬರುವಾಗ ನೆಂಟರೆದುರು ವಾಂತಿಯಾಯಿತು. ಅಲ್ಲಿಂದ ಮುಂದೆ ಮದುವೆ ಊಟ ಬಿಟ್ಟಳು. ಆಮೇಲೆ ಒಗ್ಗರಣೆಯ ವಾಸನೆ ಇರುವುದನ್ನೆಲ್ಲ ಬಿಟ್ಟಳು. ಹಾಸ್ಟೆಲಿನಲ್ಲಿ ಒಮ್ಮೆ ಬಾಳೆಹಣ್ಣು ತಿಂದ ರಾತ್ರಿ ಹೊಟ್ಟೆ ನೋವು ಬಂತು, ಬಾಳೆಹಣ್ಣು ಹೋಯಿತು. ಪರೀಕ್ಷೆಯ ಬೆಳಗ್ಗೆ ಇಡ್ಲಿ ತಿಂದು ಹೊಟ್ಟೆ ತೊಳಸಿತು, ಇಡ್ಲಿ ಹೋಯಿತು. ಪರೀಕ್ಷೆಯ ಭಯಕ್ಕೂ ಹೊಟ್ಟೆ ತೊಳಸಬಹುದು ಎಂದು ಆಗ ಹೇಳುವವರು ಯಾರೂ ಇರಲಿಲ್ಲ.

ಕೊನೆಗೆ ಉಳಿದವು ಸಿಹಿ ತಿನಿಸುಗಳು. ಇದು ಬರೀ ಸಿಹಿಯ ಚಪಲ ಅಲ್ಲ. ಪ್ಯಾಕೆಟ್ ಬಿಸ್ಕತ್ತು ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರುತ್ತದೆ. ಅದರಲ್ಲಿ ಅನಿರೀಕ್ಷಿತ ಚೂರಿಲ್ಲ, ವಾಸನೆ ಇಲ್ಲ, ಬೇಗ ಕರಗುತ್ತದೆ. ಸಾರು ಮಾತ್ರ ದಿನಕ್ಕೊಂದು ರುಚಿ. ಈ ಯೋಚನೆಯ ದಾರಿ ಅರ್ಥವಾಗದ ಹೊರತು ಇಂಥವರಿಗೆ ಸಲಹೆ ಕೊಡಬಾರದೆಂದೇ ನನ್ನ ಅಭಿಪ್ರಾಯ.

ಮನೆಯವರು ಕೈಕಟ್ಟಿ ಕೂತಿರಲಿಲ್ಲ. ದೃಷ್ಟಿ ತೆಗೆದಿದ್ದರು, ಹರಕೆ ಹೊತ್ತಿದ್ದರು. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ಆಗಿತ್ತು. ಸೋದರಮಾವ “ಎರಡು ದಿನ ಏನೂ ಕೊಡಬೇಡಿ, ಹಸಿವಾದ್ರೆ ತಾನೇ ತಿಂತಾಳೆ” ಎಂದು ಬಿಸ್ಕತ್ತಿನ ಡಬ್ಬ ಬೀರುವಿಗೆ ಹಾಕಿ ಬೀಗ ಹಾಕಿಸಿದ್ದರು. ಎರಡನೇ ದಿನ ಆಕೆ ಬಚ್ಚಲಲ್ಲಿ ತಲೆತಿರುಗಿ ಬಿದ್ದಳು. ಅದಾದ ಮೇಲೆ ಯಾರೋ ಹೇಳಿದರೆಂದು ಗೋಧಿ, ಹಾಲು ಎರಡನ್ನೂ ಬಿಡಿಸಿದರು. ಒಂದೂವರೆ ತಿಂಗಳಲ್ಲಿ ಮೂರು ಕೆ.ಜಿ. ತೂಕ ಇಳಿಯಿತು, ಉಬ್ಬರ ಇದ್ದಂತೆಯೇ ಇತ್ತು. ಎಂಟೇ ತಿನಿಸು ಇರುವವರ ತಟ್ಟೆಯಿಂದ ಪಥ್ಯದ ಹೆಸರಲ್ಲಿ ಬಹುಪಾಲನ್ನು ತೆಗೆದರೆ ಏನಾಗಬೇಕೋ ಅದೇ ಆಗಿತ್ತು.

ನೋವು ನಿಜ, ಗಾಯ ಇಲ್ಲ

ತೂಕ ಇಳಿದು ರಕ್ತವೂ ಕಡಿಮೆಯಾಗಿದ್ದರಿಂದ “ಎಲ್ಲಾ ಮನಸ್ಸಿನದು” ಎಂದು ಬಿಡುವ ಹಾಗಿರಲಿಲ್ಲ. ವೈದ್ಯರು ಥೈರಾಯ್ಡ್, ಸಕ್ಕರೆ, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ ನೋಡಿದರು. ಗೋಧಿಯ ಅಂಟಿನಿಂದ ಬರುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸುವ ಮೊದಲು ಆಕೆ ಗೋಧಿ ತಿನ್ನುತ್ತಿದ್ದಾಳೆಯೇ ಎಂದು ಖಚಿತಪಡಿಸಿಕೊಂಡರು. ಗೋಧಿ ಬಿಟ್ಟು ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಹೊಟ್ಟೆಯ ಸ್ಕ್ಯಾನ್, ಎಂಡೋಸ್ಕೋಪಿ ಎರಡೂ ಸರಿಯಾಗಿದ್ದವು. ಕಬ್ಬಿಣಾಂಶ, ಬಿ12, ಡಿ ಮೂರೂ ಕಡಿಮೆ ಇದ್ದವು.

ತೀರ್ಮಾನ ಎರಡು ಭಾಗದಲ್ಲಿ ಬಂತು. ಹೊಟ್ಟೆಯದು ಫಂಕ್ಷನಲ್ ಡಿಸ್ಪೆಪ್ಸಿಯಾ ಮತ್ತು ಮಲಬದ್ಧತೆ. ಅಂದರೆ ಹುಣ್ಣಿಲ್ಲ, ಗಡ್ಡೆಯಿಲ್ಲ, ಆದರೆ ಜಠರ ಹಿಗ್ಗುವುದರಲ್ಲಿ, ಖಾಲಿಯಾಗುವುದರಲ್ಲಿ ಏರುಪೇರಿದೆ, ಅಲ್ಲಿಯ ನರಗಳು ಸಣ್ಣ ಸುಳಿವನ್ನೂ ದೊಡ್ಡದಾಗಿ ಮಿದುಳಿಗೆ ಮುಟ್ಟಿಸುತ್ತಿವೆ. ಇನ್ನೊಂದನ್ನು ಮನಶ್ಶಾಸ್ತ್ರಜ್ಞೆ ಗುರುತಿಸಿದರು: ಆರ್ಫಿಡ್. ತೆಳ್ಳಗಾಗುವ ಆಸೆಯಿಂದಲ್ಲ, ತಿನಿಸಿನ ಸ್ಪರ್ಶ, ವಾಸನೆ ಸಹಿಸಲಾಗದೆಯೋ ವಾಂತಿ, ನೋವಿನ ಭಯದಿಂದಲೋ ಊಟ ಕಿರಿದಾಗುತ್ತಾ ಹೋಗಿ ದೇಹಕ್ಕೆ ಕೊರತೆಯಾಗುವ ತೊಂದರೆ ಇದು. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇದು ಸೇರಿದ್ದೇ 2013ರಲ್ಲಿ. ನಮ್ಮ ಕಡೆ ಇಂದಿಗೂ ಇದಕ್ಕೆ ಹಠ ಎಂದೇ ಹೆಸರು.

ವರದಿಗಳನ್ನು ಎದುರಿಗಿಟ್ಟು ವೈದ್ಯರು ಆಕೆಗೆ ಹೇಳಿದ ಒಂದು ಮಾತು ಇಡೀ ಚಿಕಿತ್ಸೆಗೆ ತಳಪಾಯವಾಯಿತು: “ನಿನಗೆ ನೋವಾಗ್ತಿರೋದು ನಿಜ ಕಣಮ್ಮ. ಆದರೆ ಆ ನೋವಿಂದ ಒಳಗೆ ಏನೂ ಹಾಳಾಗ್ತಿಲ್ಲ.” ಇಷ್ಟು ವರ್ಷ ಆಕೆ ಕೇಳಿದ್ದು ಎರಡೇ ಬಗೆಯ ಮಾತು: ನೋವೇ ಇಲ್ಲ, ನಾಟಕ ಎಂಬುದು, ಇಲ್ಲವೇ ಒಳಗೇನೋ ದೊಡ್ಡ ಕಾಯಿಲೆ ಇದೆ ಎಂಬುದು.

ಸಕ್ಕರೆಗೆ ಕೈ ಹಚ್ಚದಿರುವ ನಿರ್ಧಾರ

ನಮ್ಮೊಳಗೇ ಇಲ್ಲಿ ಭಿನ್ನಾಭಿಪ್ರಾಯ ಇತ್ತು. ಹಲ್ಲು ನೋಡಿದವರಿಗೂ ರಕ್ತ ನೋಡಿದವರಿಗೂ ಸಕ್ಕರೆ ತಕ್ಷಣ ಇಳಿಯಬೇಕಿತ್ತು. ನಾನು ಒಪ್ಪಲಿಲ್ಲ. ಆಕೆಯ ದೇಹ ನಿಂತಿದ್ದೇ ಆ ಸಕ್ಕರೆಯ ಕ್ಯಾಲೊರಿಯ ಮೇಲೆ. ಅದನ್ನು ಕಸಿದರೆ ತೂಕ ಇನ್ನೂ ಇಳಿಯುತ್ತದೆ, ಜೊತೆಗೆ ನಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಮೊದಲ ಮೂರು ತಿಂಗಳು ಪಟ್ಟಿಗೆ ಸೇರಿಸುವುದು ಮಾತ್ರ, ತೆಗೆಯುವುದಿಲ್ಲ ಎಂದು ಕೊನೆಗೆ ಒಪ್ಪಂದವಾಯಿತು. ಹಲ್ಲಿಗೆ ರಾತ್ರಿ ಹಾಲನ್ನದ ನಂತರ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜುವುದು, ಜ್ಯೂಸನ್ನು ಗಂಟೆಗಟ್ಟಲೆ ಹೀರದೆ ಒಮ್ಮೆಗೆ ಮುಗಿಸುವುದು, ಅಷ್ಟೇ.

ಆಕೆ ವಿಡಿಯೊ ನೋಡಿ ಕೇಳಿದ ಪಥ್ಯ ಇನ್ನೊಂದಿತ್ತು: ಕಡಿಮೆ ಫಾಡ್‌ಮ್ಯಾಪ್ ಆಹಾರ, ಅಂದರೆ ಕರುಳಿನಲ್ಲಿ ಹುದುಗಿ ವಾಯು ಮಾಡುವ ಸಕ್ಕರೆಯಂಶಗಳು ಕಡಿಮೆ ಇರುವ ಆಹಾರ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಕ್ರಮದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಲವು ಕಾಳು, ಹಣ್ಣುಗಳನ್ನು ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ಮರಳಿ ತರುತ್ತಾರೆ. ಕೆರಳುವ ಕರುಳಿನ ಎಷ್ಟೋ ರೋಗಿಗಳಿಗೆ ಉಪಯೋಗವಾಗಿದೆ, ನಾನೂ ಬಳಸುತ್ತೇನೆ. ಆದರೆ ಬಿಡಲು ಏನಾದರೂ ಇರುವವರಿಗೆ ಮಾತ್ರ. ಆಕೆಗೆ ಬೇಡ ಎಂದೆವು.

ಮೊದಲು ಮಾಡಿದ್ದು ತಿನಿಸು ಬದಲಿಸುವ ಕೆಲಸವೇ ಅಲ್ಲ. ಅದೇ ಬನ್ನು, ಅದೇ ಬಿಸ್ಕತ್ತು, ಆದರೆ ಮೂರು ಗಂಟೆಗೊಮ್ಮೆ, ಹಸಿವಿರಲಿ ಬಿಡಲಿ. ಆಕೆ ಬೆಳಗ್ಗೆ ಎಂಟಕ್ಕೆ ಟೀ ಕುಡಿದರೆ ಮತ್ತೆ ಬಾಯಿಗೆ ಹಾಕುತ್ತಿದ್ದದ್ದು ಎಷ್ಟೋ ದಿನ ಎರಡು ಗಂಟೆಗೆ. ಅಷ್ಟರಲ್ಲಿ ಬರೀ ಹೊಟ್ಟೆಗೆ ಎರಡು ಲೋಟ ಗಟ್ಟಿ ಟೀ ಸೇರಿರುತ್ತಿತ್ತು. ಕೈ ನಡುಕ, ಎದೆ ಡವಡವ, ಹೊಟ್ಟೆ ಹಿಂಡಿದಂತೆ. ಇದನ್ನೇ ಆಕೆ “ವಾಂತಿ ಬರೋ ಸೂಚನೆ” ಎಂದುಕೊಂಡು ಮಧ್ಯಾಹ್ನದ ಊಟ ಬಿಡುತ್ತಿದ್ದಳು. ಹೊತ್ತಿಗೆ ಸರಿಯಾಗಿ ತಿನ್ನಲು ಶುರುಮಾಡಿದ ಎರಡು ಮೂರು ವಾರಗಳಲ್ಲಿ ಮಧ್ಯಾಹ್ನದ ನಡುಕ ಬಹುಪಾಲು ನಿಂತಿತು.

ಜೊತೆಜೊತೆಗೇ ಮಲಬದ್ಧತೆಯ ಚಿಕಿತ್ಸೆ ನಡೆಯಿತು. ಕರುಳು ತುಂಬಿ ಕೂತಿರುವಾಗ ನಾರು ಹೆಚ್ಚಿಸಿದರೆ ಉಬ್ಬರ ಜಾಸ್ತಿಯಾಗುತ್ತದೆ, ಆಮೇಲೆ ಆ ದೂರು ಹೊಸ ತಿನಿಸಿನ ತಲೆಗೆ ಬರುತ್ತದೆ. ವೈದ್ಯರು ಮಲ ಮೆತ್ತಗಾಗಿಸುವ ಪುಡಿ ಕೊಟ್ಟರು. ಬೆಳಗಿನ ಟೀ, ಬಿಸ್ಕತ್ತಿನ ನಂತರ ಕಾಲು ಗಂಟೆ ಬಿಟ್ಟು ದಿನವೂ ಶೌಚಕ್ಕೆ ಕೂರುವುದು ರೂಢಿಯಾಯಿತು. ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತನ್ನು ಬಳಸಿಕೊಂಡೆವು. ಕರುಳು ಹದಕ್ಕೆ ಬಂದ ಮೇಲಷ್ಟೇ ಹೊಸ ತಿನಿಸಿನ ಮಾತು ಎತ್ತಿದ್ದು.

ನೋಟ್‌ಬುಕ್ಕಿನಲ್ಲಿ ಆಕೆಗೇ ಕಂಡದ್ದು

ಒಂದು ಗೆರೆಯ ನೋಟ್‌ಬುಕ್ಕು ಕೊಟ್ಟು ನಾಲ್ಕು ಕಲಂ ಹಾಕಿಸಿದೆ: ತಿಂದದ್ದೇನು, ತಿನ್ನುವ ಮೊದಲು ಭಯ ಹತ್ತರಲ್ಲಿ ಎಷ್ಟು, ಒಂದು ಗಂಟೆಯ ನಂತರ ಹೊಟ್ಟೆ ಹೇಗಿದೆ, ಮೂರು ಗಂಟೆಯ ನಂತರ ಹೇಗಿದೆ. ಕ್ಯಾಲೊರಿ ಬರೆಯಬಾರದು. ಲೆಕ್ಕ ಬರೆಯುವುದು ಆಕೆಯ ಉದ್ಯೋಗವೇ ಆಗಿದ್ದರಿಂದ ತುಂಬಾ ಅಚ್ಚುಕಟ್ಟಾಗಿ ಬರೆದಳು.

ಆರು ವಾರದ ಪುಟಗಳನ್ನು ಮೇಜಿನ ಮೇಲೆ ಹರಡಿದಾಗ ನಾನು ಏನೂ ಹೇಳಲಿಲ್ಲ. ಆಕೆಯೇ ಬೆರಳಿಟ್ಟು ತೋರಿಸಿದಳು: “ಮೇಡಂ, ಆಡಿಟ್ ವಾರ ನೋಡಿ. ಬರೀ ಬಿಸ್ಕತ್ತು, ಜ್ಯೂಸೇ ತಿಂದಿರೋದು. ಅದೇ ವಾರ ಹೊಟ್ಟೆ ಎಂಟು, ಒಂಬತ್ತು.” ನಂಬಿಗಸ್ತ ತಿನಿಸು ತಿಂದ ದಿನವೂ ಹೊಟ್ಟೆ ಉಬ್ಬುತ್ತದೆ, ಅದರಲ್ಲೂ ಹೊತ್ತು ಮೀರಿ, ಗಡಿಬಿಡಿಯಲ್ಲಿ, ಜ್ಯೂಸು ಗಟಗಟ ಇಳಿಸಿದ ದಿನ. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇದು. ಸಾರು ತಿಂದರೆ ನೋವು, ಬಿಸ್ಕತ್ತು ತಿಂದರೆ ಕ್ಷೇಮ ಎಂಬ ಹತ್ತು ವರ್ಷದ ನಿಯಮ ಆಕೆಯ ಕೈಬರಹದಲ್ಲೇ ಸುಳ್ಳಾಗಿತ್ತು. ಅದನ್ನೇ ನಾನು ಬಾಯಲ್ಲಿ ಹೇಳಿದ್ದರೆ ವಾದವಾಗುತ್ತಿತ್ತು.

ಮನಶ್ಶಾಸ್ತ್ರಜ್ಞೆ ಇದೇ ನೋಟ್‌ಬುಕ್ಕಿಗೆ ಇನ್ನೊಂದು ಕಲಂ ಸೇರಿಸಿದರು: “ಏನಾಗುತ್ತದೆ ಅಂದುಕೊಂಡೆ, ಏನಾಯಿತು.” ಆಕೆ ಪ್ರತಿಸಲ ಬರೆಯುತ್ತಿದ್ದದ್ದು “ವಾಂತಿ ಆಗುತ್ತೆ”. ಎದುರಿಗೆ ಬರೆಯಬೇಕಾಗಿ ಬರುತ್ತಿದ್ದದ್ದು “ಆಗಲಿಲ್ಲ. ಹೊಟ್ಟೆ ಬಿಗೀತು, ಎರಡು ಗಂಟೆಗೆ ಇಳೀತು.” ಊಟದ ಮುಂಚೆ ಹೊಟ್ಟೆ ಮೇಲೆ ಕೈಯಿಟ್ಟು ಐದು ನಿಮಿಷ ನಿಧಾನದ ಉಸಿರಾಟ. ಹೊಟ್ಟೆ ತುಂಬಿದ ಅನುಭವಕ್ಕೇ ಹೆದರುತ್ತಿದ್ದುದರಿಂದ ಬೇಕೆಂದೇ ಎರಡು ಲೋಟ ನೀರು ಕುಡಿದು, ಚೂಡಿದಾರದ ಲಾಡಿ ಸ್ವಲ್ಪ ಬಿಗಿದು, ಆ ಬಿಗಿತ ತಾನಾಗಿ ಇಳಿಯುವವರೆಗೆ ಕೂರುವ ಅಭ್ಯಾಸ. ನೋವು ಹೋದ ಮೇಲೆ ತಿನ್ನುತ್ತೇನೆ ಎಂಬುದು ಆಕೆಯ ಹಳೆಯ ಲೆಕ್ಕ. ಸ್ವಲ್ಪ ನೋವಿದ್ದರೂ ತಿನ್ನಬಹುದು ಎಂಬುದನ್ನು ದೇಹಕ್ಕೆ ಕಲಿಸಬೇಕಿತ್ತು. ಪ್ರತಿ ವಾರ ಬರಲು ಆಗದ್ದರಿಂದ ಈ ಭೇಟಿಗಳು ಹೆಚ್ಚಾಗಿ ಫೋನಿನಲ್ಲೇ ನಡೆದವು. ಮಾನಸಿಕ ಆರೋಗ್ಯ ತಜ್ಞರು ಹತ್ತಿರದಲ್ಲಿ ಇಲ್ಲದ ಊರಿನವರಿಗೆ, 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಒಂದು ಮೊದಲ ಬಾಗಿಲು.

ಹಾಲನ್ನದ ಪಕ್ಕಕ್ಕೆ ಒಂದು ಚಮಚ ಬೇಳೆ

ಹೊಸ ತಿನಿಸು ಎಲ್ಲಿಂದ ಶುರುವಾಗಬೇಕು? ಪೌಷ್ಟಿಕಾಂಶದ ಪಟ್ಟಿಯಿಂದ ಅಲ್ಲ, ಆಕೆಯ ಹಾಲನ್ನದಿಂದ. ಬಣ್ಣ, ವಾಸನೆ, ಮೆದುತನ, ರುಚಿ ನಾಲ್ಕರಲ್ಲಿ ಒಂದು ಸಲಕ್ಕೆ ಒಂದೇ ಬದಲಾಗಬೇಕು ಎಂಬುದು ನಿಯಮ. ಅದೂ ಭಾನುವಾರ, ಮನೆಯಲ್ಲಿ, ಮಾಮೂಲಿ ತಿನಿಸು ಪಕ್ಕದಲ್ಲಿಟ್ಟುಕೊಂಡು. ಹತ್ತು ಸಲ ಬಾಯಿಗೆ ಹಾಕಿ ನೋಡುವ ಮೊದಲು “ಆಗಲ್ಲ” ಎಂದು ಬರೆಯುವಂತಿಲ್ಲ, ಏಕೆಂದರೆ ಹೊಸ ರುಚಿ ಒಗ್ಗಲು ಎಷ್ಟೋ ಸಲ ಅಷ್ಟು ಪರಿಚಯ ಬೇಕಾಗುತ್ತದೆ.

ಹೆಸರುಬೇಳೆಯನ್ನು ಆರಿಸಿಕೊಂಡೆವು. ಸಿಪ್ಪೆ ಇಲ್ಲದ್ದು, ನುಣ್ಣಗೆ ಬೇಯುತ್ತದೆ, ಕಡಲೆ, ಹುರುಳಿಯಷ್ಟು ವಾಯು ಮಾಡುವುದಿಲ್ಲ. ನೆನೆಸಿ ಆ ನೀರು ಚೆಲ್ಲಿದರೆ ಹೊಟ್ಟೆಯಲ್ಲಿ ಹುದುಗುವ ಸಕ್ಕರೆಯಂಶ ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ. ಮೊದಲ ವಾರ ಒಂದು ಚಮಚ ಬೇಳೆಯನ್ನು ಅಕ್ಕಿಯ ಜೊತೆಗೇ ಬೇಯಿಸಿ ಮಸೆದು, ಮಾಮೂಲಿನಂತೆ ಹಾಲು ಸಕ್ಕರೆ. ಬೇಳೆ ನಿಧಾನಕ್ಕೆ ಹೆಚ್ಚಾಯಿತು, ಹಾಲಿನ ಜಾಗಕ್ಕೆ ತುಪ್ಪ ಬಂತು. ಇದು ಏಲಕ್ಕಿ, ಗೋಡಂಬಿ, ದ್ರಾಕ್ಷಿ ಇಲ್ಲದ ಸಿಹಿ ಪೊಂಗಲ್ ಅಲ್ಲದೆ ಬೇರೇನಲ್ಲ. ಹಾಲಿಗೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಸೇರಿತು. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಮೊಳಕೆ ಬರಿಸಿದರೆ ಅದರ ಕಬ್ಬಿಣ ದೇಹಕ್ಕೆ ಇನ್ನಷ್ಟು ಚೆನ್ನಾಗಿ ಸಿಗುತ್ತದೆ. ಬಣ್ಣ ಕಂಡು ಎರಡು ವಾರ ಹಿಂಜರಿದಳು. ಬಿಳಿ ಲೋಟ ಬಿಟ್ಟು ಸ್ಟೀಲ್ ಲೋಟದಲ್ಲಿ ಕುಡಿದಳು.

ಸಿಹಿ ಪೊಂಗಲ್‌ನಿಂದ ಉಪ್ಪಿನ ಪೊಂಗಲ್‌ಗೆ ದಾಟುವಲ್ಲಿ ಮಾತ್ರ ಗಟ್ಟಿಯಾಗಿ ನಿಂತುಬಿಟ್ಟಿತು. ಚಿಟಿಕೆ ಉಪ್ಪಿಗೂ ವಾಕರಿಕೆ. ಪರಿಹಾರ ಸಿಕ್ಕಿದ್ದು ಬೇಕರಿಯಲ್ಲಿ. ಬಿಸ್ಕತ್ತು ಆಕೆಗೆ ನಂಬಿಕೆಯ ವಸ್ತು. ಆದ್ದರಿಂದ ಉಪ್ಪನ್ನು ಬಿಸ್ಕತ್ತಿನಲ್ಲೇ ಕಲಿಸಿದೆವು: ಮೊದಲು ಸಿಹಿ ಉಪ್ಪು ಎರಡೂ ಇರುವ ಬೆಣ್ಣೆ ಬಿಸ್ಕತ್ತು, ಆಮೇಲೆ ಉಪ್ಪು ಬಿಸ್ಕತ್ತು, ತಿಂಗಳ ನಂತರ ಖಾರ ಬಿಸ್ಕತ್ತಿನ ಕಾಲು ತುಂಡು. ಪೌಷ್ಟಿಕಾಂಶದ ದೃಷ್ಟಿಯಿಂದ ಖಾರ ಬಿಸ್ಕತ್ತಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಹತ್ತು ವರ್ಷದಲ್ಲಿ ಆಕೆ ತಿಂದ ಮೊದಲ ಖಾರ ಅದು, ಕೊತ್ತಂಬರಿ ಸೊಪ್ಪಿನ ಮೊದಲ ಚೂರೂ ಅದರಲ್ಲೇ ಇತ್ತು. ಡಯಟೀಷಿಯನ್ ಆಗಿ ಬೇಕರಿ ತಿಂಡಿ ಬರೆದುಕೊಟ್ಟದ್ದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಉಪ್ಪು ನಾಲಿಗೆಗೆ ಒಗ್ಗಿದ ಮೇಲೆ ಪೊಂಗಲ್ ತಾನೇ ದಾಟಿಕೊಂಡಿತು.

ಕಬ್ಬಿಣದ ಮಾತ್ರೆ ಹೊಟ್ಟೆ ತೊಳಸಿ ಮಲಬದ್ಧತೆಯನ್ನೂ ಮಾಡುತ್ತಿತ್ತು. ವೈದ್ಯರು ದಿನ ಬಿಟ್ಟು ದಿನಕ್ಕೆ ಬದಲಿಸಿದರು. ಹೀಗೆ ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ದೇಹ ಹೀರುವ ಪಾಲು ಹೆಚ್ಚು, ತೊಂದರೆ ಕಡಿಮೆ. ಮಾತ್ರೆಯ ಆಚೀಚೆ ಒಂದು ಗಂಟೆ ಟೀ ಇಲ್ಲ.

ಚಪಾತಿ ಕಳೆದುಹೋದದ್ದು

ಮೂರನೇ ತಿಂಗಳ ಕೊನೆಗೆ ಒಂದು ಸಂಜೆ ಫೋನ್ ಬಂತು. ಮಗಳು ಚಪಾತಿ ಬಿಟ್ಟುಬಿಟ್ಟಿದ್ದಾಳೆ, ಅಡುಗೆಮನೆಯ ಯಾವುದನ್ನೂ ಮುಟ್ಟುತ್ತಿಲ್ಲ. ವಿಚಾರಿಸಿದರೆ, ತಾಯಿ ಒಳ್ಳೆಯದಕ್ಕೇ ಎಂದು ಬೀಟ್‌ರೂಟು, ಪಾಲಕ್ಕು ರುಬ್ಬಿ ಸೋಸಿ, ಬಣ್ಣ ಕಾಣದಷ್ಟು ಹಿಟ್ಟಿಗೆ ಬೆರೆಸುತ್ತಿದ್ದರು. ಮೂರು ದಿನ ಗೊತ್ತಾಗಲಿಲ್ಲ. ನಾಲ್ಕನೇ ದಿನ ವಾಸನೆ ಸಿಕ್ಕಿಬಿದ್ದಿತು.

ಪಾಲಕ್ಕಿನ ವಾಸನೆಗಿಂತ, ಇನ್ನು ಮನೆಯ ಯಾವ ತುತ್ತನ್ನೂ ನಂಬಲಾಗುವುದಿಲ್ಲ ಎಂಬುದೇ ಆಕೆಗೆ ದೊಡ್ಡ ಪೆಟ್ಟು. ಚಪಾತಿಯ ಜೊತೆ ಪೊಂಗಲ್ಲೂ ಹೋಯಿತು. ಪ್ಯಾಕೆಟ್ ಒಡೆದು ತಿನ್ನುವಂಥದ್ದಷ್ಟೇ ಉಳಿಯಿತು. ಎರಡೂವರೆ ತಿಂಗಳ ದುಡಿಮೆ ಒಂದು ಲೋಟ ಪಾಲಕ್ಕಿನ ರಸಕ್ಕೆ ಕರಗಿತು. ತಾಯಿ ಅಳುತ್ತಾ ಹೇಳಿದರು: “ತಾಯಿ ಜೀವ ಮೇಡಂ, ಹೇಗಾದ್ರೂ ಸರಿ ಒಂದಿಷ್ಟು ಸೊಪ್ಪು ಹೊಟ್ಟೆಗೆ ಹೋಗ್ಲಿ ಅಂತ.” ಅವರನ್ನು ಬೈಯುವ ಮನಸ್ಸು ಯಾರಿಗೂ ಬರಲಿಲ್ಲ. ಮಕ್ಕಳಿಗೆ ಹೀಗೆ ಅಡಗಿಸಿ ತಿನ್ನಿಸಿ ಎಂದು ಎಲ್ಲ ಕಡೆಯೂ ಹೇಳುತ್ತಾರೆ, ಅವರೂ ಅದನ್ನೇ ನಂಬಿದ್ದರು.

ಮೂವರೂ ಕೂತು ಒಂದು ಕರಾರು ಬರೆದೆವು. ಅಡುಗೆಗೆ ಏನು ಬಿದ್ದರೂ ಮೊದಲೇ ಹೇಳಬೇಕು. ಹೇಳದೆ ಏನನ್ನೂ ಸೇರಿಸುವಂತಿಲ್ಲ. ಊಟದ ಹೊತ್ತಲ್ಲಿ “ಇನ್ನೊಂದು ತುತ್ತು”, “ಇಷ್ಟೇನಾ” ಎರಡೂ ಬೇಡ, ಹೊಗಳುವುದೂ ಬೇಡ. ಪಕ್ಕದ ಮನೆಯವರೆದುರು ಇವಳ ಊಟದ ಮಾತು ಎತ್ತುವಂತಿಲ್ಲ. ಮುಂದಿನ ಭಾನುವಾರದಿಂದ ಹಿಟ್ಟು ಕಲಸುವುದು ಮಗಳ ಪಾಲಿಗೆ ಬಂತು. ಹಿಟ್ಟಿನ ಚೀಲ ಒಡೆಯುವುದರಿಂದ ಹಿಡಿದು ಬೇಯಿಸುವವರೆಗೆ ತಾಯಿ ಬರೀ ನಿಂತು ನೋಡಬೇಕು. ಚಪಾತಿ ಮೂರು ವಾರದಲ್ಲಿ ವಾಪಸ್ ಬಂತು, ಪೊಂಗಲ್ ಅದಕ್ಕೂ ಮೊದಲೇ ಬಂತು. ನಾವು ಯಾರೂ ಎಣಿಸದ ಇನ್ನೊಂದು ಲಾಭವೂ ಆಯಿತು. ಕೈಯಾರೆ ತೊಳೆದು, ಬೇಯಿಸಿ, ಮಸೆದ ಪದಾರ್ಥದ ವಾಸನೆ ಬಾಯಿಗೆ ಬರುವ ಮೊದಲೇ ಆಕೆಗೆ ಪರಿಚಯವಾಗಿರುತ್ತಿತ್ತು. ಹೊಸದನ್ನು ಬಾಯಿಗಿಡುವ ಮುನ್ನ ಬರೆಯುತ್ತಿದ್ದ ಭಯದ ಅಂಕ ಎಂಟರಿಂದ ಐದಕ್ಕೆ ಇಳಿದದ್ದು ಈ ತಿಂಗಳಲ್ಲೇ.

ಸೀಮಂತದ ಕೋಸಂಬರಿ

ಐದನೇ ತಿಂಗಳಲ್ಲಿ ಅಕ್ಕನ ಸೀಮಂತ. ಬೆಳಗಿನ ಟೀ ಬಿಟ್ಟರೆ ಏನೂ ತಿನ್ನದೆ ಓಡಾಡಿ, ಮೂರು ಗಂಟೆಗೆ ಪಂಕ್ತಿಗೆ ಕೂತಳು. ಚಿಕ್ಕಮ್ಮಂದಿರ ಒತ್ತಾಯಕ್ಕೆ ಎರಡು ಚಮಚ ಹೆಸರುಬೇಳೆ ಕೋಸಂಬರಿ ತಿಂದಳು. ನೆನೆಸಿದ್ದು, ಬೇಯಿಸಿದ್ದಲ್ಲ, ಮೇಲೆ ಹಸಿ ಸೌತೆಕಾಯಿ, ಒಗ್ಗರಣೆ. ರಾತ್ರಿ ಹೊಟ್ಟೆ ಉಬ್ಬಿ ಉಸಿರು ಕಟ್ಟಿದಂತಾಯಿತು, ಕೈಕಾಲು ತಣ್ಣಗಾದವು. ಮರುದಿನದಿಂದ ಮತ್ತೆ ಬಿಸ್ಕತ್ತು, ಟೀ ಮಾತ್ರ.

ಇಲ್ಲಿ ಎರಡು ದಾರಿ ಇದ್ದವು: ಬೇಳೆಯನ್ನೇ ಕೆಲವು ವಾರ ನಿಲ್ಲಿಸುವುದು, ಇಲ್ಲವೇ ಏನೂ ಆಗಿಲ್ಲವೆಂಬಂತೆ ಮುಂದಿನ ಮೆಟ್ಟಿಲು ಹತ್ತಿಸುವುದು. ಎರಡೂ ಬೇಡವೆಂದು, ಕೊನೆಯ ಸಲ ನೆಮ್ಮದಿಯಾಗಿ ತಿಂದ ಜಾಗಕ್ಕೆ ಹಿಂದಿರುಗಿದೆವು. ಅಂದರೆ ಮೆತ್ತನೆ ಉಪ್ಪಿನ ಪೊಂಗಲ್, ಅರ್ಧ ಅಳತೆ. ನಾಲ್ಕನೇ ದಿನ ಅದನ್ನು ತಿಂದಳು. ನೋಟ್‌ಬುಕ್ಕು ತೆರೆದು ಆ ದಿನವನ್ನು ಮತ್ತೆ ಓದಿದಾಗ ಆಕೆ ಬರೆದದ್ದು: “ಏಳು ಗಂಟೆ ಖಾಲಿ ಹೊಟ್ಟೆ. ನೋವು ನಾಲ್ಕು ಗಂಟೆ ಇತ್ತು. ವಾಂತಿ ಆಗಲಿಲ್ಲ.” ಅಂದಿನಿಂದ ಸಮಾರಂಭಕ್ಕೆ ಹೋಗುವ ಮೊದಲು ಮನೆಯಲ್ಲೇ ತಿಂದು ಹೊರಡುವುದು ನಿಯಮವಾಯಿತು. ಪಂಕ್ತಿಯಲ್ಲಿ ಕೂತರೆ ಅನ್ನ, ತುಪ್ಪ ಹಾಕಿಸಿಕೊಂಡರೆ ಸಾಕು. ಯಾರಾದರೂ ಕೇಳಿದರೆ “ಡಾಕ್ಟರು ಹೇಳಿದಾರೆ” ಎಂಬ ಉತ್ತರವನ್ನು ತಾಯಿಯೇ ಕೊಡುತ್ತಾರೆ.

ಒಂಬತ್ತು ತಿಂಗಳಿಗೆ

ತಿನಿಸುಗಳ ಪಟ್ಟಿ ಎಂಟರಿಂದ ಇಪ್ಪತ್ತರ ಹತ್ತಿರಕ್ಕೆ ಬಂದಿದೆ. ಉಪ್ಪಿನ ಪೊಂಗಲ್, ತುಪ್ಪ ಹಾಕಿದ ಇಡ್ಲಿ, ಸಾಸಿವೆ ಇಲ್ಲದ ಆಲೂಗಡ್ಡೆ ಪಲ್ಯ, ರಾಗಿ ಮಾಲ್ಟು, ಏಲಕ್ಕಿ ಬಾಳೆ, ಪಪ್ಪಾಯಿ. ಕ್ಯಾರೆಟ್ ಹಲ್ವದ ದಾರಿಯಲ್ಲಿ ಬಂದ ಬೇಯಿಸಿದ ಕ್ಯಾರೆಟ್. ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟದ್ದು ಉಪ್ಪು, ಚಿಟಿಕೆ ಸಾರಿನ ಪುಡಿ ಹಾಕಿದ ಬೇಳೆ ಕಟ್ಟು. ತೂಕ 47 ಕೆ.ಜಿ. ದಾಟಿದೆ, ಹಿಮೋಗ್ಲೋಬಿನ್ ಹನ್ನೊಂದು ಮುಟ್ಟಿದೆ, ಮುಟ್ಟು ಸರಿಯಾಗಿದೆ. ಕಡಿಮೆ ಮಾಡು ಎಂದು ನಾವು ಒತ್ತಾಯಿಸದಿದ್ದರೂ ಸಕ್ಕರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಬೇರೆ ತಿನಿಸಿನಿಂದ ಹೊಟ್ಟೆ ತುಂಬಿದಾಗ ಬಿಸ್ಕತ್ತಿಗೆ ಜಾಗ ಸಾಲಲಿಲ್ಲ, ಅಷ್ಟೇ. ಹೊಟ್ಟೆ ಉಬ್ಬರ ಹೋಗಿಲ್ಲ. ವಾರದಲ್ಲಿ ಎರಡು ಮೂರು ದಿನ ಇದ್ದೇ ಇರುತ್ತದೆ, ಅಂಕ ಮೂರು, ನಾಲ್ಕು. ಆ ದಿನವೂ ಊಟ ಬಿಡುವುದಿಲ್ಲ ಎಂಬುದನ್ನೇ ನಾನು ದೊಡ್ಡ ಫಲಿತಾಂಶ ಎಂದು ಎಣಿಸುತ್ತೇನೆ.

ಇದನ್ನು ಓದಿ ತಮ್ಮ ಮನೆಯ ಮಗುವಿಗೋ ಸೊಸೆಗೋ ಹೀಗೇ ಮಾಡಹೊರಡುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಈಕೆ ದಿನವೂ ಒಂದಷ್ಟು ಕ್ಯಾಲೊರಿ ತಿನ್ನುತ್ತಿದ್ದಳು, ಆದ್ದರಿಂದ ಹೊರರೋಗಿಯಾಗಿ ನಿಭಾಯಿಸಲು ಆಯಿತು. ತೂಕ ಸರಸರ ಇಳಿಯುತ್ತಿದ್ದರೆ, ತಲೆಸುತ್ತಿ ಬೀಳುತ್ತಿದ್ದರೆ, ದಿನಗಟ್ಟಲೆ ಸರಿಯಾಗಿ ಏನೂ ತಿಂದಿರದಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಆಸ್ಪತ್ರೆಯೇ ಬೇಕು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ರಾತ್ರಿ ಎಬ್ಬಿಸುವ ಹೊಟ್ಟೆನೋವು, ಮಲದಲ್ಲಿ ರಕ್ತ, ನುಂಗಲು ಕಷ್ಟ ಇದ್ದರೆ ಆತಂಕದ ತಲೆಗೆ ಕಟ್ಟದೆ ಮೊದಲು ಪರೀಕ್ಷೆ ಮಾಡಿಸಬೇಕು.

ಇನ್ನೂ ಆಗದ್ದೂ ಇದೆ. ಮದುವೆ ಊಟ ಆಗುವುದಿಲ್ಲ. ಬ್ಯಾಗಿನೊಳಗೆ ಬಿಸ್ಕತ್ತಿನ ಪ್ಯಾಕೆಟ್ ಇಲ್ಲದಿದ್ದರೆ ಬಸ್ಸು ಹತ್ತುವುದಿಲ್ಲ. ಬಿ12 ಮತ್ತೆ ನೋಡಬೇಕಿದೆ. ಸದ್ಯದಲ್ಲೇ ಬೇರೆ ಊರಿನ ಶಾಖೆಗೆ ವರ್ಗ ಆಗುವ ಸೂಚನೆ ಇದೆ. ಅಲ್ಲಿ ಪೀಜಿಯಲ್ಲಿ ಇರಬೇಕಾದರೆ ಒಂದು ಸಣ್ಣ ಕುಕ್ಕರ್, ಅಕ್ಕಿ, ಹೆಸರುಬೇಳೆ ಜೊತೆಗೆ ಒಯ್ಯುವುದೆಂದು, ಮೊದಲ ತಿಂಗಳು ಹೊಸ ತಿನಿಸು ಯಾವುದನ್ನೂ ಶುರುಮಾಡದೆ ಇದ್ದದ್ದನ್ನು ಉಳಿಸಿಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಸೊಪ್ಪಿನ ಮಾತನ್ನು ನಾವು ಎತ್ತಿರಲಿಲ್ಲ, ಕಳೆದ ಭೇಟಿಯಲ್ಲಿ ಆಕೆಯೇ ಕೇಳಿದಳು. ದಂಟು ತೆಗೆದ ಹರಿವೆಯ ಎಲೆ, ನುಣ್ಣಗೆ ಬೇಯಿಸಿ, ಪೊಂಗಲ್‌ಗೆ ಒಂದು ಚಮಚ, ಹಾಕುವುದು ಆಕೆಯೇ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದಾಳೆ.